ಗುಳ್ಳೆಯೊಳಗಿನ ಕಿಡಿ

ಉಪಗ್ರಹದ ಬಳಕೆಗೆಂದು 3,000 ವೋಲ್ಟ್‌ನ ಪುಟ್ಟ ವಿದ್ಯುತ್ ಘಟಕವೊಂದನ್ನು ವಿದ್ಯಾರ್ಥಿಗಳೊಂದಿಗೆ ರೂಪಿಸುತ್ತಿದ್ದಾಗ, ಅದಕ್ಕೆ ನಿರೋಧಕ ಹೊದಿಕೆ ಎರೆಯುವ ಕೆಲಸವನ್ನು ನಾನೇ ವಹಿಸಿಕೊಂಡೆ. ಊರು ಮಡಿಕೇರಿ, ತಿಂಗಳು ಜುಲೈ. ಪ್ರಯೋಗಾಲಯದ ಗೋಡೆಗಳೇ ಬೆವರುತ್ತಿದ್ದವು.

“ಗಾಳಿಯೇ ಇಲ್ಲದ ಕಡೆ ಕರೆಂಟು ಹಾರುವುದಾದರೂ ಹೇಗೆ, ಸರ್?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಪೂರ್ಣ ನಿರ್ವಾತ ಒಳ್ಳೆಯ ನಿರೋಧಕವೇ ಹೌದು. ಅಪಾಯವಿರುವುದು ಅರೆಬರೆ ನಿರ್ವಾತದಲ್ಲಿ. ಜರ್ಮನ್ ಭೌತವಿಜ್ಞಾನಿ ಪಾಶೆನ್ 1889ರಲ್ಲಿ ಪ್ರಕಟಿಸಿದ ನಿಯಮದಂತೆ, ಗಾಳಿಯ ಒತ್ತಡ ಮತ್ತು ಎರಡು ವಿದ್ಯುತ್ ತುದಿಗಳ ನಡುವಿನ ಅಂತರ ಇವುಗಳ ಗುಣಲಬ್ಧ ಒಂದು ಮಟ್ಟಕ್ಕೆ ಇಳಿದಾಗ ಗಾಳಿಯು ಸುಮಾರು 330 ವೋಲ್ಟ್‌ಗೇ ಸೋತು ಕಿಡಿ ಹಾರಲು ಬಿಡುತ್ತದೆ. ಅರ್ಧ ಸೆಂಟಿಮೀಟರ್ ಅಂತರಕ್ಕೆ ಆ ಮಟ್ಟ ಒದಗುವುದು ಸುಮಾರು ಒಂದೂವರೆ ಮಿಲಿಬಾರ್‌ನಲ್ಲಿ, ಅಂದರೆ ನೆಲದಿಂದ 45 ಕಿ.ಮೀ. ಎತ್ತರದ ಆಸುಪಾಸಿನಲ್ಲಿ. ರಾಕೆಟ್ ಅದನ್ನು ಬೇಗನೆ ದಾಟುತ್ತದೆ. ಆದರೆ ಹೊದಿಕೆಯೊಳಗೆ ಸಿಕ್ಕಿಬಿದ್ದ ಗುಳ್ಳೆಯು ಕಕ್ಷೆಯಲ್ಲಿ ನಿಧಾನವಾಗಿ ಅನಿಲವನ್ನು ಜಿನುಗಿಸುತ್ತ, ಘಟಕ ಕೆಲಸ ಮಾಡುತ್ತಿರುವಾಗಲೇ ಅದೇ ಅಪಾಯದ ಒತ್ತಡಕ್ಕೆ ಇಳಿಯುತ್ತದೆ.

ಹೊದಿಕೆಗೆ ನಾನು ಆರಿಸಿದ್ದು ಪಾಲಿಯುರೆಥೇನ್, ದ್ರವವಾಗಿ ಬೆರೆಸಿ ಎರೆದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್. ಬೆರೆಸಿದ ದ್ರವವನ್ನು ನಿರ್ವಾತ ಜಾಡಿಯಲ್ಲಿಟ್ಟು, ನೊರೆ ಉಕ್ಕಿ ಇಳಿಯುವವರೆಗೆ ಕಾದು, ಎಚ್ಚರದಿಂದಲೇ ಎರೆದಿದ್ದೆ. ಆದರೂ ಮರುದಿನ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಸೂಜಿಮೊನೆಯಷ್ಟು ಗುಳ್ಳೆಗಳು ಸಾಲುಗಟ್ಟಿದ್ದವು. ಪಾಲಿಯುರೆಥೇನ್ ದ್ರವದಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ನೀರಿನೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ದ್ರವವನ್ನು ಒಣದಾಗಿಟ್ಟಿದ್ದೆ, ತೇವ ಕುಡಿದಿದ್ದ ಸರ್ಕ್ಯೂಟ್ ಬೋರ್ಡನ್ನು ಮರೆತಿದ್ದೆ. ಕಣದಲ್ಲಿ ಹರವಿದ ಚೆರ್ರಿ ಕಾಫಿ ಮೇಲೆ ಒಣಗಿದಂತೆ ಕಂಡರೂ, ಅಲುಗಾಡಿಸಿ ಸದ್ದು ಕೇಳದೆ ನಮ್ಮವರು ಚೀಲ ಕಟ್ಟುವುದಿಲ್ಲ. ಬೋರ್ಡಿನ ವಿಷಯದಲ್ಲಿ ನಾನು ಅಷ್ಟನ್ನೂ ಮಾಡಿರಲಿಲ್ಲ.

ಎರಡನೆಯ ಬೋರ್ಡನ್ನು 80 ಡಿಗ್ರಿಯ ಒಲೆಯಲ್ಲಿಟ್ಟು, ಆಗಾಗ ತೂಗಿ, ತೂಕ ಇಳಿಯುವುದು ನಿಂತ ಮೇಲೆಯೇ ಹೊರತೆಗೆದು, ಬಿಸಿ ಆರುವ ಮುನ್ನ ಎರೆದೆವು. ಟೆಫ್ಲಾನ್ ತಂತಿಗೆ ಯಾವುದೂ ಅಂಟದಾದ್ದರಿಂದ, ಮೇಲ್ಮೈಯನ್ನು ರಾಸಾಯನಿಕವಾಗಿ ಕೊರೆದ ತಂತಿಯನ್ನೇ ಈ ಬಾರಿ ಬಳಸಿದ್ದೆವು. ಇಲ್ಲವಾದರೆ ತಂತಿಯ ಗುಂಟ ಉಳಿಯುವ ಸಂದು ಉದ್ದನೆಯ ಗುಳ್ಳೆಯೇ ಸರಿ.

ಪರೀಕ್ಷೆಯ ದಿನ ದೀಪವಾರಿಸಿ, ಘಟಕವನ್ನು ಜಾಡಿಯೊಳಗೆ ಚಾಲನೆಯಲ್ಲಿಟ್ಟು, ಪಂಪಿನಿಂದ ಒತ್ತಡವನ್ನು ಮೆಲ್ಲನೆ ಇಳಿಸಿದೆವು. ಹೊದಿಕೆಯೊಳಗೆ ಎಲ್ಲೂ ಬೆಳಕು ಮಿಣುಕಲಿಲ್ಲ. ಕೆಲವು ಮಿಲಿಬಾರ್‌ಗೆ ಬಂದಾಗ ಹೊರಗಿನ ಟರ್ಮಿನಲ್ಲಿನ ಬೆಸುಗೆಯ ಚೂಪು ತುದಿಯಲ್ಲಿ ಮಾತ್ರ ನೇರಳೆ ಬಣ್ಣದ ಮಿಣುಕೊಂದು ಕಾಣಿಸಿಕೊಂಡಿತು. ವಿದ್ಯುತ್ ಕಡಿದು, ಆ ತುದಿಯನ್ನು ಮತ್ತೆ ಕರಗಿಸಿ ಮೆಣಸಿನ ಕಾಳಿನಂತೆ ದುಂಡಗೆ ಮಾಡಿ, ಅದನ್ನೂ ಹೊದಿಕೆಯೊಳಗೆ ಮುಳುಗಿಸಿದೆವು.