ಎಂಜಿನ್ ಲೈಟ್ ಹತ್ತಿದರೆ, ಪಾರ್ಟ್ ಬದಲಿಸುವ ಮೊದಲು

ನಾನಿರುವುದು ಪುಣೆಯ ಚಿಂಚವಡದಲ್ಲಿ. ತವರು ಚಿಕ್ಕೋಡಿ. ತಿಂಗಳಿಗೊಮ್ಮೆ ಅವ್ವನನ್ನು ನೋಡಲು ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ದಾಟಿ ಮುನ್ನೂರು ಕಿಲೋಮೀಟರ್ ಹತ್ತಿರ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ. ಹಳೇ ಪೆಟ್ರೋಲ್ ಕಾರು, ನಾಲ್ಕು ಸಿಲಿಂಡರ್. ಎರಡು ವರ್ಷದ ಹಿಂದೆ ಅದರ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟ್ ಹತ್ತಿತು. ಒಂದು ಗ್ಯಾರೇಜಿಗೆ ಒಯ್ದೆ. ಕಾರಿನ ಕಂಪ್ಯೂಟರ್ ಬರೆದಿಟ್ಟ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಹಾಕಿದರು, ‘ಪಿ0171, ಆಕ್ಸಿಜನ್ ಸೆನ್ಸರ್ ಹೋಗಿದೆ’ ಅಂದರು. ಹೊಸದು ಹಾಕಿಸಿದೆ. ನಾಲ್ಕನೇ ದಿನ ಅದೇ ಲೈಟ್, ಅದೇ ಕೋಡ್.

ಚಾಕಣದ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ತೂತಿನ ಅಳತೆ ಜಾಸ್ತಿ ಬಂತು ಅಂತ ಗೇಜ್ ತೋರಿಸಿದರೆ ನಾವು ಗೇಜನ್ನು ಬಿಸಾಡುವುದಿಲ್ಲ. ಟೂಲ್ ಸವೆದಿದೆಯಾ, ಫಿಕ್ಸ್ಚರ್ ಸಡಿಲಾಗಿದೆಯಾ ಅಂತ ಹುಡುಕುತ್ತೇವೆ. ಆಕ್ಸಿಜನ್ ಸೆನ್ಸರ್ ಕೂಡ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಗೇಜೇ. ನನ್ನ ಕಾರಿಗೆ ಆಗಿದ್ದು ನೋಡಿ: ಅಳತೆ ಸರಿಯಾಗಿ ಹೇಳಿದ ಗೇಜನ್ನೇ ಕಿತ್ತು ಬದಲಿಸಿದ್ದರು. ಪಿ0171 ಹೇಳುವುದು ಇಷ್ಟೇ: ಎಂಜಿನ್ನಿಗೆ ಹೋಗುವ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಯಾಕೆ ಅನ್ನುವುದನ್ನು ನಾವು ಹುಡುಕಬೇಕು.

ಮೊದಲು ಬಣ್ಣ ನೋಡಿ. ಎಣ್ಣೆ ಕ್ಯಾನಿನ ಕೆಂಪು ದೀಪ ಅಥವಾ ಟೆಂಪರೇಚರಿನ ಕೆಂಪು ದೀಪ ಹತ್ತಿದರೆ ಸ್ಕ್ಯಾನರ್ ಹುಡುಕಬೇಡಿ, ಗಾಡಿ ಬದಿಗೆ ಹಾಕಿ ಎಂಜಿನ್ ಬಂದ್ ಮಾಡಿ. ಎಂಜಿನ್ ಚಿತ್ರದ ಹಳದಿ ದೀಪ ಸುಮ್ನೆ ಒಂದೇ ಸಮ ಉರಿಯುತ್ತಿದ್ದು, ಕಾರು ಎಂದಿನಂತೆ ಓಡುತ್ತಿದ್ದರೆ ಗಾಬರಿ ಬೇಡ. ನಿಧಾನವಾಗಿ ಮನೆಗೆ ಬಂದು ನೋಡಬಹುದು. ಅದೇ ದೀಪ ಮಿಣುಕುತ್ತಿದ್ದರೆ ಮಾತ್ರ ಬೇರೆ ವಿಷಯ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತಿಕೊಳ್ಳದೆ ಹಾಗೇ ಸೈಲೆನ್ಸರ್ ಕಡೆಗೆ ಹೋಗುತ್ತಿದೆ ಅಂತ ಅರ್ಥ. ಅದು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಸುಟ್ಟುಬಿಡುತ್ತದೆ. ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ, ಅದಕ್ಕೇ ಅಷ್ಟು ದುಬಾರಿ. ಮಿಣುಕಿದರೆ ಆಕ್ಸಿಲರೇಟರ್ ಬಿಟ್ಟು, ಜಾಗ ಸಿಕ್ಕಲ್ಲಿ ನಿಲ್ಲಿಸಿ.

ಕೋಡ್ ಓದಲು ದೊಡ್ಡ ಸ್ಕ್ಯಾನರ್ ಬೇಕಿಲ್ಲ. ನಮ್ಮ ದೇಶದಲ್ಲಿ 2013ರ ಏಪ್ರಿಲ್‌ನಿಂದ ಬಿಎಸ್-4 (ಹೊಗೆ ಮಿತಿಯ ನಿಯಮ) ಕಾರುಗಳಿಗೆ ಓಬಿಡಿ-2, ಅಂದರೆ ಕಾರು ತನ್ನ ತಪ್ಪನ್ನು ತಾನೇ ಹಿಡಿದು ಕೋಡ್ ಬರೆದಿಡುವ ವ್ಯವಸ್ಥೆ, ಬಂತು. ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಬಗ್ಗಿ ನೋಡಿದರೆ 16 ಪಿನ್ನಿನ ಸಾಕೆಟ್ ಇರುತ್ತದೆ. ಇಎಲ್ಎಂ327 ಅನ್ನುವ ಸಣ್ಣ ಬ್ಲೂಟೂತ್ ಅಡಾಪ್ಟರ್ ಅದಕ್ಕೆ ಚುಚ್ಚಿ, ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ಸಾಕು. ಐಫೋನ್ ಇದ್ದವರು ತಮ್ಮ ಫೋನಿಗೆ ಹೊಂದುತ್ತದೆಯಾ ಅಂತ ಕೇಳಿಯೇ ತಗೊಳ್ಳಿ. ಕೆಲಸ ಮುಗಿದ ಮೇಲೆ ಅಡಾಪ್ಟರ್ ಕಿತ್ತಿಡಿ. ಆ ಸಾಕೆಟ್ಟಿನ 16ನೇ ಪಿನ್ನಿಗೆ ಬ್ಯಾಟರಿಯ ಕರೆಂಟ್ ಯಾವಾಗಲೂ ಬರುತ್ತಿರುತ್ತದೆ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಬ್ಯಾಟರಿ ಇಳಿದುಹೋಗುತ್ತದೆ.

ಕೋಡಿನ ಮೊದಲ ಅಕ್ಷರ ಪಿ ಇದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಇದ್ದರೆ ಬ್ರೇಕು-ಚಾಸಿ, ಬಿ ಇದ್ದರೆ ಬಾಡಿ, ಯು ಇದ್ದರೆ ಕಂಪ್ಯೂಟರುಗಳ ನಡುವಿನ ಮಾತುಕತೆ. ಅದರ ಮುಂದೆ ಸೊನ್ನೆ ಇದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. 1 ಇದ್ದರೆ ಆಯಾ ಕಂಪನಿಯ ಸ್ವಂತ ಕೋಡ್. ಬೇರೆ ಕಂಪನಿಯ ಪಟ್ಟಿಯಲ್ಲಿ ಅದರ ಅರ್ಥ ಹುಡುಕಿದರೆ ದಾರಿ ತಪ್ಪುತ್ತೀರಿ. ಪಿ ಕೋಡಿನ ಮೂರನೇ ಜಾಗದಲ್ಲಿ 1 ಅಥವಾ 2 ಇದ್ದರೆ ಗಾಳಿ-ಇಂಧನ, 3 ಇದ್ದರೆ ಇಗ್ನಿಷನ್, 4 ಇದ್ದರೆ ಹೊಗೆ ನಿಯಂತ್ರಣ, 7 ಇದ್ದರೆ ಗೇರ್‌ಬಾಕ್ಸ್. ಇಷ್ಟು ಗೊತ್ತಿದ್ದರೆ ಗ್ಯಾರೇಜಿನವರ ಜೊತೆ ಮಾತಾಡಲು ಧೈರ್ಯ ಬರುತ್ತದೆ.

ಕೋಡ್ ಕಂಡ ತಕ್ಷಣ ಅಳಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಕೋಡಿನ ಜೊತೆ ‘ಫ್ರೀಜ್ ಫ್ರೇಮ್’ ಅಂತ ಒಂದು ದಾಖಲೆ ಇರುತ್ತದೆ. ತಪ್ಪು ಹಿಡಿದ ಆ ಕ್ಷಣದಲ್ಲಿ ಆರ್‌ಪಿಎಂ ಎಷ್ಟು, ವೇಗ ಎಷ್ಟು, ಕೂಲೆಂಟ್ ಎಷ್ಟು ಬಿಸಿ, ಎಂಜಿನ್ ಮೇಲೆ ಲೋಡ್ ಎಷ್ಟು, ಎಲ್ಲ ಬರೆದಿಟ್ಟಿರುತ್ತದೆ. ಅಳಿಸಿದರೆ ಅದೂ ಹೋಯಿತು. ಬ್ಯಾಟರಿ ವೈರ್ ಬಿಚ್ಚಿದರೂ ಎಷ್ಟೋ ಗಾಡಿಗಳಲ್ಲಿ ಅದೇ ಕಥೆ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಈಗ ನನ್ನ ಪಿ0171. ಆ್ಯಪಿನಲ್ಲಿ ‘ಫ್ಯೂಯಲ್ ಟ್ರಿಮ್’ ಅಂತ ಎರಡು ಅಂಕಿ ಬರುತ್ತವೆ, ಒಂದು ಶಾರ್ಟ್, ಒಂದು ಲಾಂಗ್. ಕಂಪ್ಯೂಟರ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಜಾಸ್ತಿ ಅಥವಾ ಕಡಿಮೆ ಪೆಟ್ರೋಲ್ ಹಾಕಬೇಕಾಯಿತು ಅನ್ನುವುದು ಅದರಲ್ಲಿದೆ. ಎರಡನ್ನೂ ಕೂಡಿಸಿ. ಹತ್ತರ ಒಳಗಿದ್ದರೆ ಚಿಂತೆಯಿಲ್ಲ. ನನ್ನ ಕಾರಿನಲ್ಲಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ನೆ ಓಡುವಾಗ) 22 ಇತ್ತು. ನಿಂತಲ್ಲೇ 2500 ಆರ್‌ಪಿಎಂಗೆ ಏರಿಸಿ ಹಿಡಿದೆ. 6ಕ್ಕೆ ಇಳಿಯಿತು. ಕಾಲು ತೆಗೆದೆ, ಮತ್ತೆ 22.

ಈ ಇಳಿತವೇ ಸುಳಿವು. ನನ್ನ ಕಾರಿನಲ್ಲಿ ಒಳಬರುವ ಗಾಳಿಯನ್ನು ಎಂಎಎಫ್ ಸೆನ್ಸರ್ ಅಳೆಯುತ್ತದೆ. ಅದನ್ನು ದಾಟಿದ ಮೇಲೆ ಎಲ್ಲಾದರೂ ಗಾಳಿ ಕದ್ದು ನುಗ್ಗಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಐಡಲ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಹಾಗಾಗಿ ಕದ್ದು ಬಂದ ಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಆರ್‌ಪಿಎಂ ಏರಿದರೆ ಒಟ್ಟು ಗಾಳಿ ಜಾಸ್ತಿ, ಆ ಪಾಲು ಸಣ್ಣದಾಗುತ್ತದೆ. ಲೋಡ್ ಏರಿದಂತೆ ಟ್ರಿಮ್ ಕೂಡ ಏರುತ್ತಾ ಹೋದರೆ ಆಗ ಪೆಟ್ರೋಲ್ ಪಂಪು, ಫಿಲ್ಟರು, ಕೊಳೆಯಾದ ಎಂಎಎಫ್ ಕಡೆ ನೋಡಬೇಕು. ಎಂಎಎಫ್ ಇಲ್ಲದೆ, ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುವ ಕಾರುಗಳೂ ನಮ್ಮಲ್ಲಿ ಬಹಳ ಇವೆ. ಅಲ್ಲಿ ಇದೇ ಸೋರಿಕೆ ಹೆಚ್ಚಾಗಿ ಐಡಲ್ ಏರುವುದರಲ್ಲಿ ಗೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ ಒಂದೊಂದೇ ರಬ್ಬರ್ ಪೈಪ್ ಬೆರಳಿನಿಂದ ಸವರುತ್ತಾ ಹೋದೆ. ಪಿಸಿವಿ ಪೈಪು (ಎಂಜಿನ್ನಿನೊಳಗಿನ ಆವಿಯನ್ನು ಮತ್ತೆ ಗಾಳಿಯ ದಾರಿಗೆ ಒಯ್ಯುವ ಪೈಪು) ಮೇಲಿನಿಂದ ಚೆನ್ನಾಗೇ ಇತ್ತು. ಅದರ ಮೊಣಕೈ ಹತ್ತಿರ ಬಾಗಿಸಿದಾಗ ಕೆಳಮೈಯಲ್ಲಿ ಬೆರಳುಗುರಿನಷ್ಟು ಉದ್ದದ ಸೀಳು ಬಾಯಿ ಬಿಟ್ಟಿತು. ಕೈ ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಹೊಸ ಪೈಪ್ ಹಾಕಿದ ಮೇಲೆ ಟ್ರಿಮ್ 3. ಸೆನ್ಸರಿಗೆ ಸುರಿದ ದುಡ್ಡಿನ ಮುಂದೆ ಪೈಪಿನ ಬೆಲೆ ಏನೂ ಅಲ್ಲ.

ಎರಡನೇ ಪಾಠ ದಾರಿಯಲ್ಲೇ ಸಿಕ್ಕಿತು. ಕಳೆದ ಜುಲೈನಲ್ಲಿ ಜೋರು ಮಳೆ. ಖಂಬಾಟಕಿ ಘಾಟು ಹತ್ತುವ ಮೊದಲು ಸಿಗುವ ಖಂಡಾಳಾ (ಲೋಣಾವಳದ ಹತ್ತಿರದ್ದಲ್ಲ, ಸಾತಾರಾ ಜಿಲ್ಲೆಯದ್ದು) ಹತ್ತಿರ ಲಾರಿ ಓವರ್‌ಟೇಕ್ ಮಾಡುವಾಗ ಕಾರು ನಡುಗಿತು, ದೀಪ ಮಿಣುಕಿತು. ಘಾಟು ಹತ್ತುವ ಯೋಚನೆ ಬಿಟ್ಟೆ. ಮೆಲ್ಲಗೆ ರಸ್ತೆ ಬದಿಯ ಗ್ಯಾರೇಜಿಗೆ ತಿರುಗಿಸಿ ಫೋನ್ ನೋಡಿದರೆ ಪಿ0303. ಇದು ಮಿಸ್‌ಫೈರ್ ಕೋಡ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಪಿ0300 ಬಂದರೆ ಇಂಥದ್ದೇ ಅಂತಿಲ್ಲದೆ ಯಾವುದೋ ಒಂದು ಅಥವಾ ಹಲವು ಸಿಲಿಂಡರ್, ಪಿ0301ರಿಂದ 0304ರವರೆಗೆ ಬಂದರೆ ಕೊನೆಯ ಅಂಕಿಯೇ ಸಿಲಿಂಡರಿನ ನಂಬರ್. ನನ್ನದು ಮೂರನೆಯದು.

ಅಲ್ಲಿದ್ದ ಹುಡುಗ ವಿಜಯಪುರ ಕಡೆಯವನು. ನನ್ನ ಫೋನ್ ಮಾತು ಕೇಳಿ ಕನ್ನಡದಲ್ಲೇ ಅಂದ, “ಅಕ್ಕಾರ, ಹೊಸಾದು ಈಗs ತರಬ್ಯಾಡ್ರಿ. ಕಾಯಿಲ್ ಅದಲಬದಲ ಮಾಡಿ ನೋಡೂನ್ರಿ.”

“ಮಾಡಪ್ಪಾ ತಮ್ಮಾ,” ಅಂದೆ.

ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವುದು ಕಾಯಿಲ್. ಮೂರನೇ ಸಿಲಿಂಡರಿನ ಕಾಯಿಲ್ ಎರಡಕ್ಕೆ, ಎರಡರದ್ದು ಮೂರಕ್ಕೆ ಹಾಕಿದ. ಕೋಡ್ ಅಳಿಸಿ ಎಂಜಿನ್ ಶುರು ಮಾಡಿ ಸ್ವಲ್ಪ ಹೊತ್ತು ಓಡಿಸಿದೆವು. ಪಿ0302 ಬಂತು. ಕೋಡ್ ಕಾಯಿಲ್ ಹಿಂದೆಯೇ ಹೋಗಿತ್ತು, ಅಂದ ಮೇಲೆ ಕಾಯಿಲ್ಲೇ ಹಾಳು. ಪಿ0303 ಅಲ್ಲೇ ಉಳಿದಿದ್ದರೆ ಹೀಗೇ ಪ್ಲಗ್ ಬದಲಾಯಿಸಿ ನೋಡಬೇಕಿತ್ತು, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಅವನು ತೆಗೆದ ಕಾಯಿಲ್ಲಿನ ರಬ್ಬರ್ ಬೂಟಿನ ಮೇಲೆ ಕೂದಲೆಳೆಯಂಥ ಬಿಳಿ ಗೆರೆ ಇತ್ತು. ಸ್ಪಾರ್ಕ್ ಹೊರಗೆ ಹಾರಿದ ಗುರುತು ಅದು. ಒಂದೇ ಒಂದು ರೂಪಾಯಿಯ ಪಾರ್ಟ್ ಕೊಳ್ಳದೆ ತಪ್ಪು ಹಿಡಿದುಕೊಟ್ಟ ಆ ಹುಡುಗನ ಮೇಲೆ ನನಗೆ ತುಂಬಾ ಗೌರವ.

ಮಳೆಗಾಲದಲ್ಲಿ ಪುಣೆಯ ಪಾರ್ಕಿಂಗುಗಳಲ್ಲಿ ಇಲಿ ಕಾಟವೂ ಇದೆ, ಗೊತ್ತಲ್ವಾ? ನಮ್ಮ ಸೊಸೈಟಿಯ ಧಾರವಾಡದ ಕಾಕಾ ಅವರ ಕಾರಿಗೆ ಪಿ0141 ಬಂತು. ಕನ್ವರ್ಟರಿನ ಹಿಂದಿರುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್. ‘ಸರ್ಕ್ಯೂಟ್’ ಅನ್ನುವ ಪದ ಬಂದರೆ ಸೆನ್ಸರಿಗಿಂತ ಮೊದಲು ಫ್ಯೂಸ್, ಕನೆಕ್ಟರ್, ವೈರ್ ನೋಡಿ. ಕಾಕಾ ಅವರದ್ದು ಎರಡು ಕಡೆ ಕಚ್ಚಿದ ವೈರ್. ತುಂಡುಗಳನ್ನು ಬೆಸುಗೆ ಹಾಕಿ, ಶಾಖ ತಡೆಯುವ ಸ್ಲೀವ್ ಏರಿಸಿದ ಮೇಲೆ ಸರಿಯಾಯಿತು. ವೈರ್ ಚೆನ್ನಾಗಿದ್ದರೆ ಮಲ್ಟಿಮೀಟರ್ ತಗೊಂಡು ಸೆನ್ಸರಿನ ಹೀಟರ್ ವೈರುಗಳ ನಡುವೆ ಅಳೆಯಿರಿ. ಕೆಲವೇ ಓಮ್ ಬರಬೇಕು. ಏನೂ ಬರದಿದ್ದರೆ ಹೀಟರ್ ಒಳಗೇ ತುಂಡಾಗಿದೆ, ಆಗ ಸೆನ್ಸರ್ ಕೊಳ್ಳಿ.

ಪಿ0420 (ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ) ಬಂದರೆ ‘ಕನ್ವರ್ಟರ್ ಬದಲಿಸಿ’ ಅನ್ನುವ ಮಾತು ಬೇಗ ಬರುತ್ತದೆ. ಅದಕ್ಕೆ ಮೊದಲು ಸೈಲೆನ್ಸರ್ ಪೈಪಿನಲ್ಲಿ ಸೋರಿಕೆ ಇದೆಯಾ, ಮಿಸ್‌ಫೈರ್ ಕೋಡ್ ಜೊತೆಗಿದೆಯಾ ನೋಡಿಸಿ. ಮಿಸ್‌ಫೈರ್ ಸರಿಮಾಡದೆ ಹೊಸ ಕನ್ವರ್ಟರ್ ಹಾಕಿದರೆ ಅದೂ ಸುಡುತ್ತದೆ. ಡೀಸೆಲ್ ಗಾಡಿಯವರಿಗೆ ಪಿ0401 ಕಂಡರೆ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಎಂಜಿನ್ನಿಗೆ ಬಿಡುವ ವಾಲ್ವ್) ಕರಿ ಕಟ್ಟಿದೆಯಾ ನೋಡಿ. ಪಿ2463 ಅಂದರೆ ಡಿಪಿಎಫ್‌ನಲ್ಲಿ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರಿನಲ್ಲಿ, ಮಸಿ ತುಂಬಿದೆ. ಊರೊಳಗಿನ ಸಣ್ಣ ಸಣ್ಣ ಓಡಾಟದಿಂದ ಇದು ಜಾಸ್ತಿ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ. ದೀಪ ಆರಿದ್ದಕ್ಕೆ ದುಡ್ಡು ಕೊಟ್ಟು ಬಂದುಬಿಡಬೇಡಿ. ಅಳಿಸಿದಾಗ ‘ರೆಡಿನೆಸ್ ಮಾನಿಟರ್’ಗಳೂ, ಅಂದರೆ ಕಾರು ತನ್ನ ಮೇಲೆ ತಾನೇ ಮಾಡಿಕೊಳ್ಳುವ ಪರೀಕ್ಷೆಗಳೂ, ಸೊನ್ನೆಗೆ ಬರುತ್ತವೆ. ಕಾರು ತಣ್ಣಗಿದ್ದಾಗ ಶುರು ಮಾಡಿ, ಸಿಟಿಯಲ್ಲಿ ಸ್ವಲ್ಪ, ಹೈವೇಯಲ್ಲಿ ಸ್ವಲ್ಪ ಓಡಿಸಿದರೆ ಅವು ಒಂದೊಂದಾಗಿ ಪೂರ್ತಿಯಾಗುತ್ತವೆ. ಆಮೇಲೆ ‘ಪೆಂಡಿಂಗ್ ಕೋಡ್’ ಖಾಲಿ ಇದೆಯಾ ನೋಡಬೇಕು. ದೀಪ ಹತ್ತುವ ಮೊದಲೇ ತಪ್ಪು ಅಲ್ಲಿ ಬಂದು ಕೂತಿರುತ್ತದೆ.

ಕಾಯಿಲ್ ಹಾಕಿಸಿಕೊಂಡು ಚಿಕ್ಕೋಡಿಗೆ ಹೋಗಿ, ಎರಡು ದಿನ ಇದ್ದು ವಾಪಸ್ ಬಂದೆ. ಖೇಡ್ ಶಿವಾಪುರ ಟೋಲ್ ದಾಟಿ ಚಹಾಕ್ಕೆ ನಿಲ್ಲಿಸಿದಾಗ ಅಡಾಪ್ಟರ್ ಚುಚ್ಚಿ ನೋಡಿದೆ. ಮಾನಿಟರುಗಳೆಲ್ಲ ಪೂರ್ತಿಯಾಗಿದ್ದವು. ಪೆಂಡಿಂಗ್ ಖಾಲಿ.