ಪೆನ್‌ಡ್ರೈವ್ ಓಡಾಟ ಸಾಕು: ಮನೆಯ ಎರಡು ಕಂಪ್ಯೂಟರ್‌ಗಳ ನಡುವೆ ಫೈಲ್ ಹಂಚಿಕೊಳ್ಳುವುದು ಹೇಗೆ?

ಸಾಗರದ ಅಕ್ಕನ ಮನೆಯಲ್ಲಿ ಹಾಲ್‌ನಲ್ಲಿ ಭಾವನ ಡೆಸ್ಕ್‌ಟಾಪ್ ಇದೆ. ಮಹಡಿಯ ಕೋಣೆಯಲ್ಲಿ ಸೋದರಳಿಯನ ಲ್ಯಾಪ್‌ಟಾಪ್. ಹೋದಾಗಲೆಲ್ಲ ನೋಡುತ್ತಿದ್ದೆ, ಹುಡುಗ ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತುವುದು, ಇಳಿಯುವುದು. ಅಕ್ಕನ ಮಗಳ ಮದುವೆ ವಿಡಿಯೊ ಬಂದ ದಿನ ಅದೂ ಕೈಕೊಟ್ಟಿತು. ಫೈಲ್ 4 ಜಿಬಿಗಿಂತ ದೊಡ್ಡದಿತ್ತು, ಪೆನ್‌ಡ್ರೈವ್ ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿತ್ತು. ಆ ಮಾದರಿಯಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದೇ ಇಲ್ಲ, ಪೆನ್‌ಡ್ರೈವ್‌ನಲ್ಲಿ ಎಷ್ಟೇ ಜಾಗ ಇರಲಿ.

ಎರಡೂ ಕಂಪ್ಯೂಟರ್ ಒಂದೇ ರೂಟರ್‌ಗೆ ಸೇರಿದ್ದವು. ಅಂದರೆ ದಾರಿ ಆಗಲೇ ಇತ್ತು, ಬಾಗಿಲು ತೆಗೆಯುವುದಷ್ಟೇ ಬಾಕಿ. ಅಳಿಯ ಅದನ್ನೂ ಪ್ರಯತ್ನಿಸಿದ್ದ. "ಮಾವ, ವಿಡಿಯೊ ನೋಡಿ ಎಲ್ಲಾ ಮಾಡಿದೆ. ಪರ್ಮಿಷನ್ ಇಲ್ಲ ಅಂತಾನೇ ಬರುತ್ತೆ" ಅಂದ. ಈ ಮಾತನ್ನು ನಾನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಎಲ್ಲರೂ ಎಡವುವುದು ಅದೇ ಜಾಗದಲ್ಲಿ. ಹಾಗಾಗಿ ಸುಲಭದ ಹಂತಗಳನ್ನು ಬೇಗ ಮುಗಿಸಿ, ಅಲ್ಲಿ ನಿಧಾನವಾಗಿ ನಿಲ್ಲೋಣ. ಇಲ್ಲಿ ಹೇಳುವುದು ವಿಂಡೋಸ್ 11ರ ಕ್ರಮ. ವಿಂಡೋಸ್ 10ರಲ್ಲೂ ಕೆಲಸ ಇದೇ, ಮೆನುಗಳ ಜಾಗ ಸ್ವಲ್ಪ ಬೇರೆ.

ಹಂತ 1: ಎರಡೂ ಒಂದೇ ನೆಟ್‌ವರ್ಕ್‌ನಲ್ಲಿರಲಿ

ಒಂದು ವೈಫೈನಲ್ಲಿ, ಇನ್ನೊಂದು ಕೇಬಲ್‌ನಲ್ಲಿ ಇದ್ದರೂ ಪರವಾಗಿಲ್ಲ, ರೂಟರ್ ಒಂದೇ ಆದರೆ ಸಾಕು. ಆದರೆ ಯಾವುದೂ 'ಗೆಸ್ಟ್' ವೈಫೈಗೆ ಸೇರಿರಬಾರದು. ಬಂದವರಿಗೆ ಇಂಟರ್ನೆಟ್ ಮಾತ್ರ ಸಿಗಲಿ, ಮನೆಯ ಕಂಪ್ಯೂಟರ್ ಕಾಣದಿರಲಿ ಎಂದೇ ಗೆಸ್ಟ್ ವೈಫೈ ಇರುವುದು.

ಹಂತ 2: ನೆಟ್‌ವರ್ಕ್ ಅನ್ನು 'ಪ್ರೈವೇಟ್' ಮಾಡಿ

ಎರಡೂ ಕಂಪ್ಯೂಟರ್‌ಗಳಲ್ಲಿ ಸೆಟ್ಟಿಂಗ್ಸ್ ತೆರೆದು 'ನೆಟ್‌ವರ್ಕ್ ಅಂಡ್ ಇಂಟರ್ನೆಟ್'ಗೆ ಹೋಗಿ. ನಿಮ್ಮ ವೈಫೈ ಅಥವಾ ಈಥರ್ನೆಟ್‌ನ ಪ್ರಾಪರ್ಟೀಸ್‌ನಲ್ಲಿ 'ಪಬ್ಲಿಕ್' ಎಂದಿದ್ದರೆ 'ಪ್ರೈವೇಟ್' ಆರಿಸಿ. ಪಬ್ಲಿಕ್ ಅಂದರೆ ವಿಂಡೋಸ್ ಲೆಕ್ಕದಲ್ಲಿ ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಅಲ್ಲಿ ಅದು ಯಾರಿಗೂ ಮುಖ ತೋರಿಸುವುದಿಲ್ಲ. ಫೈಲ್ ಇರುವ ಕಂಪ್ಯೂಟರ್‌ನಲ್ಲಿ ಅದೇ ಪುಟದ ಕೆಳಗೆ 'ಐಪಿವಿ4 ಅಡ್ರೆಸ್' ಎಂದು ಒಂದು ಸಂಖ್ಯೆ ಕಾಣುತ್ತದೆ. 192.168.1.5 ತರಹ ಇರುತ್ತದೆ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕು.

ಆಮೇಲೆ 'ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್' ಒಳಗಿನ 'ಅಡ್ವಾನ್ಸ್‌ಡ್ ಶೇರಿಂಗ್ ಸೆಟ್ಟಿಂಗ್ಸ್'ಗೆ ಬನ್ನಿ. ಪ್ರೈವೇಟ್ ನೆಟ್‌ವರ್ಕ್ ಕೆಳಗಿನ ಎರಡೂ ಗುಂಡಿಗಳನ್ನು ಆನ್ ಮಾಡಿ. ಅದೇ ಪುಟದಲ್ಲಿ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಎಂದೂ ಒಂದಿದೆ. ಅದನ್ನು ಮುಟ್ಟಬೇಡಿ, ಆನ್ ಆಗಿಯೇ ಇರಲಿ.

ಇದನ್ನು ಒತ್ತಿ ಹೇಳಲು ಕಾರಣ ಇದೆ. ಅರ್ಧಕ್ಕರ್ಧ ವಿಡಿಯೊಗಳು ಮೊದಲು ಹೇಳುವುದೇ ಅದನ್ನು ಆಫ್ ಮಾಡಿ ಅಂತ. ಅದಾಗದಿದ್ದರೆ ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕ ತಡೆಯುವ ಕಾವಲು) ಆಫ್ ಮಾಡಿ, ಅದೂ ಆಗದಿದ್ದರೆ 'ಎಸ್‌ಎಂಬಿ 1' ಆನ್ ಮಾಡಿ ಅನ್ನುತ್ತವೆ. ಮೂರೂ ಬೇಡ. ಎಸ್‌ಎಂಬಿ 1 ಎನ್ನುವುದು ಫೈಲ್ ಹಂಚುವ ತೀರಾ ಹಳೆಯ ವಿಧಾನ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳಿದ ವಾನಾಕ್ರೈ ಹರಡಿದ್ದು ಅದರ ದೋಷ ಹಿಡಿದೇ. ಪಾಸ್‌ವರ್ಡ್ ತೆಗೆದರೂ ಎಲ್ಲ ಕಡೆ ಕೆಲಸ ಆಗುತ್ತದೆ ಅಂತಿಲ್ಲ. ಇತ್ತೀಚಿನ ವಿಂಡೋಸ್ 11 ಪ್ರೊ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಸಂಪರ್ಕವನ್ನು ತಾನೇ ತಡೆಯುತ್ತದೆ.

ಹಂತ 3: ಶೇರಿಂಗ್‌ಗೆಂದೇ ಒಂದು ಯೂಸರ್ ಮಾಡಿ

ಇಲ್ಲಿಂದ ಗಮನ ಇಟ್ಟು ಓದಿ.

ಲ್ಯಾಪ್‌ಟಾಪ್‌ನಿಂದ ಡೆಸ್ಕ್‌ಟಾಪ್‌ಗೆ ಹೋದಾಗ ಅದು ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಕೇಳುವುದು ಡೆಸ್ಕ್‌ಟಾಪ್‌ನಲ್ಲಿರುವ ಯೂಸರ್‌ನ ಪಾಸ್‌ವರ್ಡ್, ಲ್ಯಾಪ್‌ಟಾಪ್‌ನದ್ದಲ್ಲ. ವೈಫೈ ಪಾಸ್‌ವರ್ಡ್ ಅಂತೂ ಅಲ್ಲವೇ ಅಲ್ಲ. ಅಳಿಯ ಅಲ್ಲಿ ತನ್ನ ಲ್ಯಾಪ್‌ಟಾಪ್‌ನ ನಾಲ್ಕಂಕಿ ಪಿನ್ ಹೊಡೆಯುತ್ತಿದ್ದ. ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೂಲಕ ಅದು ನಡೆಯುವುದೇ ಇಲ್ಲ. ಭಾವನ ಡೆಸ್ಕ್‌ಟಾಪ್‌ಗೆ ಪಾಸ್‌ವರ್ಡೇ ಇರಲಿಲ್ಲ. ಹಾಗಾದರೆ ಖಾಲಿ ಬಿಟ್ಟು ಓಕೆ ಒತ್ತಿದರೆ ಆಯ್ತಲ್ವಾ ಅಂದರೆ, ಆಗುವುದಿಲ್ಲ. ಪಾಸ್‌ವರ್ಡ್ ಇಲ್ಲದ ಯೂಸರ್ ನೆಟ್‌ವರ್ಕ್‌ನಿಂದ ಒಳಗೆ ಬರದ ಹಾಗೆ ವಿಂಡೋಸ್ ತಾನೇ ತಡೆದಿರುತ್ತದೆ.

ಈ ಗೋಜಲಿಗೆಲ್ಲ ಒಂದೇ ಪರಿಹಾರ. ಡೆಸ್ಕ್‌ಟಾಪ್‌ನಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, 'ಅದರ್ ಯೂಸರ್ಸ್'ಗೆ ಹೋಗಿ 'ಆಡ್ ಅಕೌಂಟ್' ಒತ್ತಿ. ವಿಂಡೋಸ್ ಇಮೇಲ್ ಕೇಳುತ್ತದೆ, ಕೊಡಬೇಡಿ. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ನನ್ನ ಹತ್ತಿರ ಇಲ್ಲ ಎಂಬರ್ಥದ ಒಂದು ಸಾಲಿದೆ, ಅದನ್ನು ಒತ್ತಿ. ಮುಂದಿನ ಪುಟದಲ್ಲಿ, ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಯೂಸರ್ ಸೇರಿಸಿ ಎಂಬುದನ್ನು ಒತ್ತಿ. ಇಂಗ್ಲಿಷ್ ಅಕ್ಷರದಲ್ಲಿ 'ಮನೆ' ಎಂದು ಹೆಸರು ಕೊಡಿ, ಒಳ್ಳೆಯ ಪಾಸ್‌ವರ್ಡ್ ಹಾಕಿ. ಕನ್ನಡ ಲಿಪಿಯಲ್ಲಿ ಹೆಸರಿಟ್ಟರೆ ಪ್ರತಿ ಸಲ ಕೀಬೋರ್ಡ್ ಬದಲಿಸುವ ಕಷ್ಟ. ಈ ಯೂಸರ್ ಆಗಿ ಯಾರೂ ಆ ಕಂಪ್ಯೂಟರ್‌ನಲ್ಲಿ ಕೂರಬೇಕಿಲ್ಲ. ಅದು ಬಾಗಿಲಿನ ಕೀಲಿ ಅಷ್ಟೇ. ಭಾವನ ಸ್ವಂತ ಅಕೌಂಟ್ ಹೇಗಿತ್ತೋ ಹಾಗೇ ಇರುತ್ತದೆ.

ಹಂತ 4: ಫೋಲ್ಡರ್ ಶೇರ್ ಮಾಡಿ, ಎರಡು ಬೀಗವನ್ನೂ ತೆಗೆಯಿರಿ

ಡಿ ಡ್ರೈವ್ ಇದ್ದರೆ ಅದರಲ್ಲಿ ನೇರವಾಗಿ ಒಂದು ಹೊಸ ಫೋಲ್ಡರ್ ಮಾಡಿ, 'ಫೋಟೊ' ಅನ್ನಿ. ಡೆಸ್ಕ್‌ಟಾಪ್ ಪರದೆ ಮೇಲಿನ ಫೋಲ್ಡರನ್ನೋ 'ಡಾಕ್ಯುಮೆಂಟ್ಸ್' ಒಳಗಿನದನ್ನೋ ಶೇರ್ ಮಾಡಬೇಡಿ. ಅವು ನಿಮ್ಮ ಸ್ವಂತ ಕೋಣೆ ಇದ್ದಂತೆ, ದಾರಿಯೂ ಉದ್ದವಾಗಿ ಗೊಂದಲ ಆಗುತ್ತದೆ. ಇಡೀ ಸಿ ಡ್ರೈವ್ ಶೇರ್ ಮಾಡುವುದಂತೂ ಯಾವತ್ತೂ ಬೇಡ.

ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, 'ಶೇರಿಂಗ್' ಟ್ಯಾಬ್. ಅಲ್ಲಿ ಎರಡು ಬಟನ್ ಇವೆ: ಮೇಲೆ 'ಶೇರ್', ಕೆಳಗೆ 'ಅಡ್ವಾನ್ಸ್‌ಡ್ ಶೇರಿಂಗ್'. ಸೋಲುವುದು ಇಲ್ಲೇ. ಎಲ್ಲರ ಕೈ ಕೆಳಗಿನದಕ್ಕೆ ಹೋಗುತ್ತದೆ. 'ಎವ್ರಿಒನ್' ಆರಿಸಿ 'ಫುಲ್ ಕಂಟ್ರೋಲ್'ಗೆ ಟಿಕ್ ಹಾಕುತ್ತಾರೆ. ಎಲ್ಲರಿಗೂ ಎಲ್ಲಾ ಕೊಟ್ಟಾಯ್ತಲ್ಲ, ಆದರೂ ಯಾಕೆ 'ಪರ್ಮಿಷನ್ ಇಲ್ಲ' ಅನ್ನುತ್ತದೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಕಾರಣ ಸರಳ. ಆ ಫೋಲ್ಡರ್‌ಗೆ ಎರಡು ಬೀಗ ಇವೆ. ಒಂದು ನೆಟ್‌ವರ್ಕ್ ಕಡೆಯದು, ಅದು ಶೇರಿಂಗ್ ಟ್ಯಾಬ್‌ನಲ್ಲಿದೆ. ಇನ್ನೊಂದು ಡಿಸ್ಕ್ ಮೇಲಿನದು, ಅದು ಪಕ್ಕದ 'ಸೆಕ್ಯುರಿಟಿ' ಟ್ಯಾಬ್‌ನಲ್ಲಿದೆ. ಅಡ್ವಾನ್ಸ್‌ಡ್ ಶೇರಿಂಗ್ ಮೊದಲ ಬೀಗವನ್ನು ಮಾತ್ರ ತೆಗೆಯುತ್ತದೆ. ಎರಡರಲ್ಲಿ ಯಾವುದು ಬಿಗಿಯೋ ಅದರ ಮಾತೇ ನಡೆಯುತ್ತದೆ.

ಮೇಲಿನ 'ಶೇರ್' ಬಟನ್ ಎರಡೂ ಬೀಗವನ್ನು ಒಟ್ಟಿಗೆ ನೋಡಿಕೊಳ್ಳುತ್ತದೆ. ಅದನ್ನೇ ಒತ್ತಿ. ಪಟ್ಟಿಯಲ್ಲಿ 'ಮನೆ' ಯೂಸರ್ ಆರಿಸಿ 'ಆಡ್' ಮಾಡಿ. ಹೆಸರಿನ ಎದುರು 'ರೀಡ್' ಎಂದಿರುತ್ತದೆ. ನೋಡಿ ಕಾಪಿ ಮಾಡಿಕೊಳ್ಳಲು ಅಷ್ಟೇ ಸಾಕು. ಲ್ಯಾಪ್‌ಟಾಪ್‌ನಿಂದ ಅದಕ್ಕೆ ಫೈಲ್ ಹಾಕಲೂ ಬೇಕಿದ್ದರೆ 'ರೀಡ್/ರೈಟ್' ಮಾಡಿ. ಕೊನೆಗೆ 'ಶೇರ್', 'ಡನ್'.

ಇಷ್ಟಾದ ಮೇಲೂ ಅಕ್ಕನ ಮನೆಯಲ್ಲಿ ಒಂದು ಫೋಲ್ಡರ್ ತೆರೆಯಲಿಲ್ಲ. ಹೊಸ ಫೋಟೊಗಳು ಬಂದವು, 2012ರ ಉಪನಯನದ ಫೋಟೊಗಳು ಮಾತ್ರ ಇಲ್ಲ. ಅದರ ಸೆಕ್ಯುರಿಟಿ ಟ್ಯಾಬ್ ತೆಗೆದು ನೋಡಿದೆ. ಹೆಸರುಗಳ ನಡುವೆ 'ಅಕೌಂಟ್ ಅನ್‌ನೋನ್', ಪಕ್ಕದಲ್ಲಿ 'ಎಸ್-1-5-21' ಎಂದು ಶುರುವಾಗುವ ಉದ್ದನೆಯ ಸಂಖ್ಯೆ. ಆಗ ಅರ್ಥವಾಯಿತು. ಹಳೆ ಕಂಪ್ಯೂಟರ್ ಹೋದಾಗ ಅದರ ಹಾರ್ಡ್‌ಡಿಸ್ಕ್ ಬಿಚ್ಚಿ ಹೊಸದಕ್ಕೆ ಹಾಕಿಸಿದ್ದರು. ಆ ಸಂಖ್ಯೆ ಹಳೆ ಯಂತ್ರದಲ್ಲಿದ್ದ ಭಾವನದ್ದೇ. ಹೊಸ ಯಂತ್ರಕ್ಕೆ ಅವರ ಗುರುತಿಲ್ಲ, ಫೈಲ್‌ಗಳು ಇನ್ನೂ ಹಳೆ ಯಜಮಾನನ ಹೆಸರಲ್ಲೇ ಇವೆ.

ನಿಮ್ಮಲ್ಲೂ ಹಾಗೆ ಕಂಡರೆ ಸೆಕ್ಯುರಿಟಿ ಟ್ಯಾಬ್‌ನಲ್ಲಿ 'ಅಡ್ವಾನ್ಸ್‌ಡ್' ಒತ್ತಿ. ಮೇಲೆ 'ಓನರ್' ಪಕ್ಕದ 'ಚೇಂಜ್' ಒತ್ತಿ, ಈಗ ಆ ಕಂಪ್ಯೂಟರ್ ಬಳಸುವ ಅಡ್ಮಿನ್ ಯೂಸರ್‌ನ ಹೆಸರು ಕೊಡಿ. ಒಳಗಿನ ಫೋಲ್ಡರ್, ಫೈಲ್‌ಗಳ ಓನರನ್ನೂ ಬದಲಿಸು ಎನ್ನುವ ಚೌಕಕ್ಕೆ ಟಿಕ್ ಹಾಕಿ. ಓಕೆ ಮಾಡಿ, ಕಿಟಕಿಗಳನ್ನೆಲ್ಲ ಮುಚ್ಚಿ, 'ಶೇರ್' ಬಟನ್ ಕೆಲಸವನ್ನು ಮತ್ತೊಮ್ಮೆ ಮಾಡಿ. ಇದನ್ನು ಆ ಒಂದು ಫೋಲ್ಡರ್‌ಗೆ ಮಾತ್ರ ಮಾಡಿ. ಸಿ ಡ್ರೈವ್‌ಗೆಲ್ಲ ಮಾಡಿದರೆ ವಿಂಡೋಸೇ ಕೆಡಬಹುದು.

ಹಂತ 5: ಇನ್ನೊಂದು ಕಡೆಯಿಂದ ತೆರೆಯಿರಿ

ಲ್ಯಾಪ್‌ಟಾಪ್‌ನಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು, ಎಡಗಡೆಯ 'ನೆಟ್‌ವರ್ಕ್' ಒತ್ತಿ ಕಾಯುತ್ತಾ ಕೂರಬೇಡಿ. ಅಲ್ಲಿ ಕಂಪ್ಯೂಟರ್ ಹೆಸರು ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಮೇಲಿನ ಅಡ್ರೆಸ್ ಪಟ್ಟಿಯಲ್ಲಿ ಚೀಟಿಯ ಸಂಖ್ಯೆಯನ್ನೇ ಹೀಗೆ ಹೊಡೆಯಿರಿ: \\192.168.1.5 ಮತ್ತು ಎಂಟರ್. ಗೆರೆ ಯಾವ ಕಡೆ ವಾಲಿದೆ ನೋಡಿಕೊಳ್ಳಿ. ನಮ್ಮಲ್ಲಿ ಸಿಗುವ ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಅದು ಎಂಟರ್ ಕೀಯ ಮೇಲ್ಗಡೆಯೇ ಇರುತ್ತದೆ. ಪ್ರಶ್ನಾರ್ಥಕ ಚಿಹ್ನೆ ಇರುವ ಕೀಯಲ್ಲಿನ ಗೆರೆ ಬೇರೆ.

ಹೆಸರು, ಪಾಸ್‌ವರ್ಡ್ ಕೇಳಿದರೆ ಹಂತ 3ರಲ್ಲಿ ಮಾಡಿದ್ದನ್ನು ಕೊಡಿ, ನೆನಪಿಟ್ಟುಕೊ ಎನ್ನುವುದಕ್ಕೆ ಟಿಕ್ ಹಾಕಿ.

ಆಗದಿದ್ದರೆ ಯಾವ ಮಾತು ಬಂತು ನೋಡಿ. 'ನೆಟ್‌ವರ್ಕ್ ಪಾತ್ ನಾಟ್ ಫೌಂಡ್' ಅಂದರೆ ನೀವಿನ್ನೂ ಡೆಸ್ಕ್‌ಟಾಪ್‌ವರೆಗೆ ತಲುಪಿಯೇ ಇಲ್ಲ, ಹಂತ 1 ಮತ್ತು 2ಕ್ಕೆ ವಾಪಸ್ ಹೋಗಿ. ಹೊಸ ಕಂಪ್ಯೂಟರ್ ಜೊತೆ ಬರುವ ಟ್ರಯಲ್ ಆಂಟಿವೈರಸ್‌ಗಳೂ ಕೆಲವು ಸಲ ಇದಕ್ಕೆ ಕಾರಣ, ತಮ್ಮದೇ ಫೈರ್‌ವಾಲ್ ಹಾಕಿ ದಾರಿ ಮುಚ್ಚುತ್ತವೆ. ವಾಯಿದೆ ಮುಗಿದದ್ದನ್ನು ತೆಗೆದುಹಾಕಿ, ಮನೆ ಬಳಕೆಗೆ ವಿಂಡೋಸ್‌ನ ಡಿಫೆಂಡರ್ ಸಾಕು. ಪಾಸ್‌ವರ್ಡ್ ಮತ್ತೆ ಮತ್ತೆ ಕೇಳಿದರೆ ನೆಟ್‌ವರ್ಕ್ ಸರಿಯಿದೆ, ಯೂಸರ್ ತಪ್ಪಿದೆ. ಆಗ ಯೂಸರ್ ಹೆಸರಿಗಿಂತ ಮೊದಲು ಡೆಸ್ಕ್‌ಟಾಪ್‌ನ ಹೆಸರು ಮತ್ತು ಅದೇ ವಾಲಿದ ಗೆರೆ ಸೇರಿಸಿ ಹೊಡೆದು ನೋಡಿ. ಮೊದಲು ತಪ್ಪು ಪಾಸ್‌ವರ್ಡ್ ಸೇವ್ ಆಗಿದ್ದರೆ ಕಂಟ್ರೋಲ್ ಪ್ಯಾನೆಲ್‌ನ 'ಕ್ರೆಡೆನ್ಶಿಯಲ್ ಮ್ಯಾನೇಜರ್'ನಲ್ಲಿ ಅದನ್ನು ಅಳಿಸಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ. ಒಳಗೆ ಹೋಗಿ ಫೋಲ್ಡರ್ ಹೆಸರೂ ಕಂಡು, ತೆರೆಯುವಾಗ 'ಪರ್ಮಿಷನ್ ಇಲ್ಲ' ಅಂದರೆ ಮಾತ್ರ ಹಂತ 4.

ಹಂತ 6: ಡ್ರೈವ್ ಮಾಡಿಟ್ಟುಕೊಳ್ಳಿ

ಕಂಡ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಮ್ಯಾಪ್ ನೆಟ್‌ವರ್ಕ್ ಡ್ರೈವ್' ಕೊಟ್ಟರೆ ಅದು ಝಡ್ ಡ್ರೈವ್ ಆಗಿ ಕೂರುತ್ತದೆ.

ನಿಧಾನ ಅನ್ನಿಸಿದರೆ ಕೇಬಲ್ ನೋಡಿ

ಫೋಟೊ, ಕಾಗದಪತ್ರಕ್ಕೆ ವೈಫೈ ಸಾಕು. ವಿಡಿಯೊ ಜಾಸ್ತಿ ಇದ್ದರೆ ಕೇಬಲ್ ಹಾಕಿ. 60 ಜಿಬಿ ಮದುವೆ ವಿಡಿಯೊ 100 ಎಂಬಿಪಿಎಸ್ ಸಂಪರ್ಕದಲ್ಲಿ ಸುಮಾರು ಒಂದೂವರೆ ಗಂಟೆ ತೆಗೆದುಕೊಳ್ಳುತ್ತದೆ. ಎರಡೂ ಕಡೆ ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ಇದ್ದು, ಡಿಸ್ಕ್‌ಗಳೂ ಆ ವೇಗದವಾದರೆ ಸುಮಾರು 10 ನಿಮಿಷ.

ಈಥರ್ನೆಟ್ ಪ್ರಾಪರ್ಟೀಸ್‌ನಲ್ಲಿ 'ಲಿಂಕ್ ಸ್ಪೀಡ್' ನೋಡಿ. 1000 ಬದಲು 100 ಅಂತಿದ್ದರೆ ಮೊದಲು ಕೇಬಲ್ ತುದಿಯ ಕ್ಲಿಪ್ ಬೆಳಕಿಗೆ ಹಿಡಿಯಿರಿ. ಪಾರದರ್ಶಕ ಪ್ಲಾಸ್ಟಿಕ್ ಒಳಗೆ ಎಂಟು ಬಣ್ಣದ ತಂತಿಗಳೂ ತುದಿಯ ಹಿತ್ತಾಳೆ ಬಣ್ಣದ ಪಟ್ಟಿಯವರೆಗೆ ಮುಟ್ಟಿರಬೇಕು. 100ಕ್ಕೆ ನಾಲ್ಕು ತಂತಿ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಅಕ್ಕನ ಮನೆಯದರಲ್ಲಿ ಕಂದು ಬಣ್ಣದ ತಂತಿ ಅರ್ಧಕ್ಕೇ ನಿಂತಿತ್ತು. ಇಂಟರ್ನೆಟ್ ಸರಿಯಾಗಿ ಬರುತ್ತಿದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಲ್ಯಾಪ್‌ಟಾಪ್‌ಗೆ ಲ್ಯಾನ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿ 3.0, ಗಿಗಾಬಿಟ್ ಎಂದು ಎರಡೂ ಬರೆದಿರುವ ಅಡಾಪ್ಟರನ್ನೇ ತನ್ನಿ. ತೀರಾ ಅಗ್ಗದವು ಯುಎಸ್‌ಬಿ 2.0, ವೇಗ 100ರಲ್ಲೇ ನಿಲ್ಲುತ್ತದೆ.

ಇವನ್ನು ಮರೆಯಬೇಡಿ

ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋದರೆ ಶೇರ್ ಕೂಡ ಮಾಯ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ 'ನೆವರ್' ಮಾಡಿ, ಪರದೆ ಮಾತ್ರ ಆರಲಿ. ಕರೆಂಟ್ ಹೋಗಿ ಬಂದ ಮೇಲೆ ರೂಟರ್ ಬೇರೆ ಐಪಿ ಸಂಖ್ಯೆ ಕೊಟ್ಟುಬಿಡಬಹುದು. ನಿನ್ನೆ ಇದ್ದ ಝಡ್ ಡ್ರೈವ್ ಇವತ್ತು ತೆರೆಯದಿದ್ದರೆ ಇದೇ ಕಾರಣ ಇರಬಹುದು. ರೂಟರ್ ಸೆಟ್ಟಿಂಗ್‌ನ 'ಅಡ್ರೆಸ್ ರಿಸರ್ವೇಶನ್'ನಲ್ಲಿ ಡೆಸ್ಕ್‌ಟಾಪ್‌ಗೆ ಅದೇ ಸಂಖ್ಯೆ ಕಾಯಂ ಮಾಡಿ.

ನೆಟ್‌ವರ್ಕ್ ಮೂಲಕ ಡಿಲೀಟ್ ಮಾಡಿದ ಫೈಲ್ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಅಳಿಸಿಹೋಗುತ್ತದೆ. ಮನೆಯ ಫೋಟೊಗಳಿಗೆ 'ರೀಡ್' ಮಾತ್ರ ಕೊಡಿ ಎಂದು ನಾನು ಹೇಳುವುದು ಅದಕ್ಕೇ. ಎರಡೂ ಕಡೆ ಬರೆಯಬೇಕಾದ ಫೈಲ್‌ಗಳಿಗೆ ಬೇರೆ ಫೋಲ್ಡರ್ ಮಾಡಿ. ಫೈಲ್ ಸಾಗಿಸುವಾಗ 'ಕಟ್' ಬೇಡ, 'ಕಾಪಿ' ಮಾಡಿ. ಆ ಕಡೆ ತೆರೆದು ನೋಡಿದ ಮೇಲೆ ಈ ಕಡೆಯದನ್ನು ಅಳಿಸಿ.

ಇನ್ನೊಂದು, ನಮ್ಮಲ್ಲಿ ಬರುವ ತೊಂದರೆ. ಭಾವ ಸಂಘದ ಠರಾವುಗಳನ್ನೆಲ್ಲ ವರ್ಷಗಳಿಂದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡವು. ನೆಟ್‌ವರ್ಕ್‌ನಲ್ಲಿ ಬರುವಾಗ ಫೈಲ್ ಕೆಟ್ಟಿತು ಎಂದು ಅಕ್ಕ ಗಾಬರಿಯಾದರು. ಫೈಲ್‌ಗೆ ಏನೂ ಆಗಿರಲಿಲ್ಲ, ಆ ಫಾಂಟ್ ಲ್ಯಾಪ್‌ಟಾಪ್‌ನಲ್ಲಿ ಇರಲಿಲ್ಲ ಅಷ್ಟೇ. ಅದನ್ನು ಅಲ್ಲಿಯೂ ಇನ್‌ಸ್ಟಾಲ್ ಮಾಡಿದೆವು, ಠರಾವುಗಳು ಮತ್ತೆ ಕನ್ನಡದಲ್ಲಿ ಕಂಡವು.