ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕುತ್ತಾ? ಮೊದಲು ಇದನ್ನು ನೋಡಿ

ಬೆಂಗಳೂರಿನಲ್ಲಿ ಮಳೆನೀರಿಗೆ ಚರಂಡಿ, ರಾಜಕಾಲುವೆ ಇವೆ. ಬಚ್ಚಲು, ಶೌಚಾಲಯದ ನೀರಿಗೆ ಯುಜಿಡಿ (ನೆಲದಡಿಯ ಒಳಚರಂಡಿ) ಪೈಪ್ ಬೇರೆಯೇ ಇದೆ. ಆ ಪೈಪನ್ನು ಮಳೆನೀರಿನ ಲೆಕ್ಕಕ್ಕೆ ಹಾಕಿದ್ದಲ್ಲ. ಆದರೂ ಎಷ್ಟೋ ಮನೆಗಳಲ್ಲಿ ತಾರಸಿ ನೀರನ್ನು ಅದಕ್ಕೇ ಬಿಟ್ಟಿರುತ್ತಾರೆ. 30x40 ಅಡಿ ತಾರಸಿ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು! ಬೀದಿಯ ಎಲ್ಲ ಮನೆಗಳಿಂದ ಇಷ್ಟು ನೀರು ನುಗ್ಗಿದರೆ ಉಕ್ಕದೆ ಇನ್ನೇನಾಗುತ್ತೆ, ಅಲ್ವಾ?

ಹಾಗಾಗಿ ಮಳೆ ಇಲ್ಲದ ದಿನ ಒಂದು ಬಕೆಟ್ ನೀರಿಗೆ ಬಟ್ಟೆಯ ನೀಲಿ ಕಲಸಿ ತಾರಸಿಯ ಪೈಪಿಗೆ ಸುರಿಯಿರಿ. ಕಾಂಪೌಂಡ್ ಒಳಗಿನ ಯುಜಿಡಿ ಚೇಂಬರ್‌ನಲ್ಲಿ ನೀಲಿ ಕಂಡರೆ ಪೈಪ್ ತಪ್ಪು ಕಡೆ ಸೇರಿದೆ ಎಂದೇ ಅರ್ಥ. ಪ್ಲಂಬರ್ ಕರೆಸಿ ಅದನ್ನು ಸಂಪಿಗೋ ಇಂಗುಗುಂಡಿಗೋ ತಿರುಗಿಸಿ, ತುಂಬಿ ಹೆಚ್ಚಾದದ್ದು ಮಾತ್ರ ರಸ್ತೆ ಚರಂಡಿಗೆ ಹೋಗಲಿ.

ಆಮೇಲೆ ಪ್ರತಿ ಮಳೆಯನ್ನೂ ಗಮನಿಸಿ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಲ್ಲಿಟ್ಟು, ಬಿದ್ದ ನೀರನ್ನು ಸ್ಕೇಲಿನಿಂದ ಅಳೆಯಿರಿ. ಮಳೆ ಎಷ್ಟು ಹೊತ್ತು ಬಂತು, ರಸ್ತೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿತು, ಇಳಿಯಲು ಎಷ್ಟು ಸಮಯ ಹಿಡಿಯಿತು ಎಂದು ಬರೆದು ಫೋಟೊ ತೆಗೆದಿಡಿ. ಇದು ತುಂಬಾ ಮುಖ್ಯ, ಏಕೆಂದರೆ 10 ಮಿ.ಮೀ. ಮಳೆಗೆ ನೀರು ನಿಲ್ಲಲಿಲ್ಲ ಎಂದ ಮಾತ್ರಕ್ಕೆ ಚರಂಡಿ ಸರಿಹೋಯಿತು ಎನ್ನಲಾಗದು, ಹೆಚ್ಚುಕಡಿಮೆ ಒಂದೇ ಜೋರಿನ ಮಳೆಗಳನ್ನು ಹೋಲಿಸಿ ನೋಡಬೇಕು.

ನೀರು ನಿಂತ ಜಾಗದಲ್ಲೇ ತೊಂದರೆ ಇದೆ ಎಂದುಕೊಳ್ಳಬೇಡಿ. ಇಳಿಜಾರಿನ ಕಡೆ ಮುಂದೆ ನಡೆದು ನೋಡಿ. ಕಾರು ಹತ್ತಿಸಲು ಚರಂಡಿ ಮೇಲೆ ಹಾಕಿದ ಕಾಂಕ್ರೀಟ್ ರ‍್ಯಾಂಪ್ ಕೆಳಗೆ, ತಿರುವಿನ ಮೋರಿಯಲ್ಲಿ ಹೂಳು, ಪ್ಲಾಸ್ಟಿಕ್ ಸಿಕ್ಕಿರುವುದೇ ಜಾಸ್ತಿ. ಎತ್ತಿದ ಹೂಳನ್ನು ಅವತ್ತೇ ಸಾಗಿಸುವಂತೆ ಪಟ್ಟು ಹಿಡಿಯಿರಿ, ದಡದಲ್ಲಿ ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಒಳಗೇ ಬೀಳುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಮೂರು ಮಳೆ ನೋಡಿಯೂ ಫಲ ಇಲ್ಲದಿದ್ದರೆ ಮುಂದಿನದಕ್ಕೆ ಕೈ ಹಾಕಿ.

ಮ್ಯಾನ್‌ಹೋಲ್ ಕಟ್ಟಿಕೊಂಡರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ಯಂತ್ರ ಬರಲಿ. ದುಡ್ಡು ಕೊಟ್ಟು ಯಾರನ್ನೂ ಒಳಗೆ ಇಳಿಸಲೇಬೇಡಿ. ಒಳಗಿನ ವಿಷಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ, ಮಲಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧವೂ ಹೌದು. ರಸ್ತೆ ಚರಂಡಿಯ ದೂರು ಪಾಲಿಕೆಗೆ. ಎಂಜಿನಿಯರ್ ಬಂದಾಗ ನೀವು ಬರೆದಿಟ್ಟ ಮಳೆ ಲೆಕ್ಕದ ಪುಸ್ತಕ, ಫೋಟೊ ಮುಂದಿಡಿ. ಮೇ ತಿಂಗಳ ಗುಡುಗು ಮಳೆಯಿಂದಲೇ ಬರೆಯತೊಡಗಿದರೆ, ಸೆಪ್ಟೆಂಬರ್‌ನ ದೊಡ್ಡ ಮಳೆಗೆ ಮೊದಲು ತಿದ್ದಿಕೊಳ್ಳಲು ಸಮಯ ಸಿಗುತ್ತದೆ.